ಯಾರ ಮಾತಿಗೆ ಉತ್ತರ, ಎಷ್ಟು ಕೋಟ್ ಮಾಡಬೇಕು

ಎದುರು ಕೂತು ಮಾತಾಡುವಾಗ ನೀವು ಯಾವ ಮಾತಿಗೆ ಉತ್ತರ ಕೊಡುತ್ತಿದ್ದೀರಿ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಆನ್‌ಲೈನ್ ಚರ್ಚೆಯಲ್ಲಿ ಹಾಗಲ್ಲ. ನೀವು ಬರೆದು ಮುಗಿಸುವಷ್ಟರಲ್ಲಿ ನಡುವೆ ಹತ್ತು ಮೆಸೇಜ್ ಬಂದಿರುತ್ತವೆ, ಕೆಲವರು ಎರಡು ದಿನ ಬಿಟ್ಟು ಓದುತ್ತಾರೆ. ಆಗ "ಹೌದು, ಅದೇ ಸರಿ" ಅಂದರೆ ಯಾವುದು ಸರಿ? ಕೋಟ್ ಮಾಡುವುದು, ಅಂದರೆ ಅವರ ಮಾತಿನ ಆ ಭಾಗವನ್ನು ನಿಮ್ಮ ಉತ್ತರದ ಜೊತೆ ಮತ್ತೆ ಹಾಕುವುದು, ಇದಕ್ಕೇ.

1995ರ ಅಕ್ಟೋಬರ್‌ನಲ್ಲಿ ಬಂದ ಆರ್‌ಎಫ್‌ಸಿ 1855 ಎಂಬ ಇಂಟರ್ನೆಟ್ ಶಿಷ್ಟಾಚಾರದ ಮಾರ್ಗಸೂಚಿಯಲ್ಲಿ ಎಷ್ಟು ಕೋಟ್ ಮಾಡಬೇಕು ಎಂಬ ನಿಯಮ ಸ್ಪಷ್ಟವಾಗಿದೆ. ಮೂಲ ಮೆಸೇಜಿನ ಸಾರವನ್ನು ಮೇಲೆ ಕೊಡಿ, ಇಲ್ಲವೇ ಸಂದರ್ಭ ತಿಳಿಯುವಷ್ಟು ಭಾಗ ಮಾತ್ರ ಇಡಿ, ಪೂರ್ತಿ ಹಾಕಬೇಡಿ. ಇಷ್ಟು ವರ್ಷವಾದರೂ ನಾವು ಜಾಸ್ತಿ ಎಡವುವುದು ಇಲ್ಲೇ. ಯಾರೋ ಲ್ಯಾಪ್‌ಟಾಪ್ ನಿಧಾನವಾಗಿದೆ ಅಂತ ನಾಲ್ಕು ಪ್ಯಾರಾ ಬರೆದು, ಕೊನೆಗೆ "ರ‍್ಯಾಮ್ ಹೆಚ್ಚಿಸಲಾ, ಡಿಸ್ಕ್ ಬದಲಿಸಲಾ?" ಅಂತ ಕೇಳಿದ್ದಾರೆ ಅಂದುಕೊಳ್ಳಿ. ಆ ಒಂದು ಸಾಲು ಸಾಕು. ನಾಲ್ಕೂ ಪ್ಯಾರಾ ಮತ್ತೆ ಹಾಕಿದರೆ ಮೊಬೈಲಿನಲ್ಲಿ ಓದುವವರು ನಿಮ್ಮ ಉತ್ತರ ಹುಡುಕುತ್ತಾ ಸುಮ್ನೆ ಸ್ಕ್ರೋಲ್ ಮಾಡಬೇಕು.

ಆದರೆ ಕತ್ತರಿಸುವಾಗ ಅರ್ಥ ಕೆಡಬಾರದು. ನನಗೆ ಇದು ಎಲ್ಲಕ್ಕಿಂತ ಮುಖ್ಯ. "ಈ ವಿಧಾನ ಚೆನ್ನಾಗಿದೆ, ಆದರೆ ಹೊಸಬರಿಗೆ ಕಷ್ಟ" ಅಂತ ಒಬ್ಬರು ಬರೆದಿದ್ದಾರೆ. ನೀವು ಮೊದಲರ್ಧ ಮಾತ್ರ ಇಟ್ಟರೆ ಅಕ್ಷರ ಅವರದೇ, ಆದರೂ ಅವರು ಹಾಗೆ ಹೇಳಿಲ್ಲ, ಅಲ್ವಾ? ನಡುವೆ ಬಿಟ್ಟಲ್ಲಿ [...] ಹಾಕಿ. ಒಂದು ಪದವನ್ನು ನೀವು ದಪ್ಪಕ್ಷರ ಮಾಡಿದ್ದರೆ, ಅದು ನಿಮ್ಮದು ಅಂತ ಹೇಳಿ. ಅವರ ಕಾಗುಣಿತ ತಪ್ಪನ್ನು ಎತ್ತಿ ತೋರಿಸಬೇಡಿ, ಚರ್ಚೆ ಅಲ್ಲೇ ದಾರಿ ತಪ್ಪುತ್ತದೆ.

ಬರೀ ಅಕ್ಷರಗಳ (ಪ್ಲೇನ್ ಟೆಕ್ಸ್ಟ್) ಇಮೇಲ್‌ನಲ್ಲಿ ಕೋಟ್ ಆದ ಸಾಲಿನ ಮುಂದೆ > ಗುರುತು ಬರುತ್ತದೆ. ಕೋಟ್‌ನೊಳಗೆ ಇನ್ನೊಂದು ಕೋಟ್ ಇದ್ದರೆ >> ಆಗುತ್ತದೆ. ಈ ಗುರುತುಗಳನ್ನು, ಜೊತೆಗೆ "ಇಂಥವರು ಬರೆದದ್ದು" ಎಂಬ ಸಾಲನ್ನು ಅಳಿಸಿದರೆ ಒಬ್ಬರ ಮಾತು ಇನ್ನೊಬ್ಬರ ತಲೆಗೆ ಬರುತ್ತದೆ. ಮೂರು ಪದರ ದಾಟಿದರೆ ಹಳೆಯದನ್ನು ತೆಗೆದುಬಿಡಿ.

ಉತ್ತರ ಮೇಲೋ ಕೆಳಗೋ ಅಂತ ಜಗಳ ಹಳೆಯದು. ಇಬ್ಬರ ನಡುವಿನ ಪುಟ್ಟ ಇಮೇಲ್‌ಗೆ ಮೇಲೆ ಬರೆದರೆ ತೊಂದರೆಯಿಲ್ಲ. ನಾಲ್ಕೈದು ಪ್ರಶ್ನೆ ಇದ್ದಾಗ ಮಾತ್ರ ಒಂದೊಂದು ಪ್ರಶ್ನೆಯ ಕೆಳಗೇ ಅದರ ಉತ್ತರ ಬರೆಯಿರಿ. ಯಾವುದೂ ಬಿಟ್ಟುಹೋಗುವುದಿಲ್ಲ, ಓದುವವರಿಗೂ ಮೇಲೆ ಕೆಳಗೆ ಓಡಾಟ ಇರುವುದಿಲ್ಲ.

ನಿಮಗೊಬ್ಬರಿಗೇ ಬಂದ ಖಾಸಗಿ ಮೆಸೇಜನ್ನು ಗುಂಪಿನಲ್ಲಿ ಕೋಟ್ ಮಾಡುವ ಮುಂಚೆ ಬರೆದವರನ್ನು ಕೇಳಿ. ಅವರು ಬೇಡ ಅಂದರೆ ಬಿಟ್ಟುಬಿಡಿ, "ಹೆಸರು ಹಾಕಿಲ್ಲವಲ್ಲ" ಅನ್ನುವ ನೆಪ ಬೇಡ. ಹಾಗೆಯೇ ಮಾತಿನ ಸ್ಕ್ರೀನ್‌ಶಾಟ್ ಹಾಕುವ ಬದಲು ಅಕ್ಷರದಲ್ಲೇ ಕೋಟ್ ಮಾಡಿ. ಕಣ್ಣು ಕಾಣದವರು ಪರದೆಯ ಅಕ್ಷರವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸಿ ಓದುತ್ತಾರೆ, ಚಿತ್ರದೊಳಗಿನ ಅಕ್ಷರ ಎಷ್ಟೋ ಸಲ ಅವರಿಗೆ ತಲುಪುವುದೇ ಇಲ್ಲ.