ಸತ್ತ ಮೇಲೂ ಜೀತ: ಹೈಟಿಯ ಜೋಂಬಿ, ಶಿಡ್ಲಘಟ್ಟದ ಹುಳು

ಶಿಡ್ಲಘಟ್ಟ, ಚಿಂತಾಮಣಿ ಸುತ್ತಿನ ಹುಳುಮನೆಗಳಲ್ಲಿ ಬೆಳೆಗಾರರ ಎದೆ ನಡುಗಿಸುವ ಒಂದು ನಡಿಗೆಯಿದೆ. ತಲೆಯೆತ್ತದೆ ಸೊಪ್ಪು ಮೇಯಬೇಕಾದ ರೇಷ್ಮೆ ಹುಳು ಮೇವು ಬಿಟ್ಟು ತಟ್ಟೆಯ ಅಂಚಿಗೆ ಹರಿದು ಬರುತ್ತದೆ, ಅಂಚಿನುದ್ದಕ್ಕೂ ನಡೆಯುತ್ತಲೇ ಇರುತ್ತದೆ. ಹಣ್ಣಾದ ಹುಳು ಗೂಡು ಕಟ್ಟಲು ಜಾಗ ಹುಡುಕುವ ಓಡಾಟ ಬೇರೆ, ಇದು ಬೇರೆ. ಇದರ ಮೈ ಗೆಣ್ಣುಗಳ ನಡುವೆ ಊದಿಕೊಂಡಿರುತ್ತದೆ, ಚರ್ಮ ಹೊಳೆಯುತ್ತಿರುತ್ತದೆ, ಸ್ವಲ್ಪ ಒತ್ತಿದರೂ ಒಡೆದು ಹಾಲಿನಂಥ ದ್ರವ ಸುರಿಯುತ್ತದೆ. ಇದೇ ಹಾಲುತೊಂಡೆ ರೋಗ. ಸಾವಿರಾರು ವರ್ಷಗಳ ಸಾಕಣೆಯಲ್ಲಿ ಅಲೆದಾಟವನ್ನೇ ಹೆಚ್ಚುಕಡಿಮೆ ಮರೆತ ಜೀವಿಯನ್ನು ಹೀಗೆ ನಡೆಸುತ್ತಿರುವುದು ಒಂದು ವೈರಸ್.

ಜೋಂಬಿ ಎಂದೊಡನೆ ನಮಗೆ ನೆನಪಾಗುವುದು ಸಿನಿಮಾದ ರಕ್ತ ಮೆತ್ತಿದ ಬಾಯಿ. ಆದರೆ ಆ ಕಲ್ಪನೆ ಹುಟ್ಟಿದ ಕೆರಿಬಿಯನ್ ದ್ವೀಪದಲ್ಲಿ ಜೋಂಬಿ ಯಾರನ್ನೂ ತಿನ್ನುತ್ತಿರಲಿಲ್ಲ. ಅದು ದುಡಿಯುತ್ತಿತ್ತು. ಇಂದಿನ ಹೈಟಿ ಆಗ ಸೇಂಟ್ ಡೊಮಿಂಗ್ ಎಂಬ ಫ್ರೆಂಚ್ ವಸಾಹತು. 18ನೇ ಶತಮಾನದ ಕೊನೆಗೆ ಅಲ್ಲಿನ ಕಬ್ಬು, ಕಾಫಿ ತೋಟಗಳಲ್ಲಿ ಆಫ್ರಿಕಾದಿಂದ ಹಿಡಿದು ತಂದವರೂ ಅವರ ಮಕ್ಕಳೂ ಸೇರಿ ಸುಮಾರು 5 ಲಕ್ಷ ಗುಲಾಮರಿದ್ದರು. ಸತ್ತರೆ ಆತ್ಮ ಪೂರ್ವಜರ ನಾಡಾದ ಗಿನಿಗೆ ಮರಳುತ್ತದೆ ಎಂಬ ನಂಬಿಕೆಯೊಂದೇ ಅವರಿಗೆ ಉಳಿದಿದ್ದ ಬಿಡುಗಡೆ. ಆ ಬಿಡುಗಡೆಯನ್ನೂ ಕಸಿದರೆ ಹೇಗಿರುತ್ತದೆ ಎಂಬ ಭಯಕ್ಕೆ ಬಂದ ರೂಪವೇ ಜೋಂಬಿ. ಬೊಕೊರ್ ಎಂಬ ಮಂತ್ರವಾದಿ ಹೆಣವನ್ನು ಸಮಾಧಿಯಿಂದ ಎಬ್ಬಿಸುತ್ತಾನೆ. ಎದ್ದವನಿಗೆ ನೆನಪಿಲ್ಲ, ಇಷ್ಟಾನಿಷ್ಟವಿಲ್ಲ, ಹೇಳಿದ ಕೆಲಸ ಮಾಡುವುದೊಂದೇ ಗೊತ್ತು. ತಂದೆಯ ಸಾಲಕ್ಕೆ ಮಗ ಜೀತಕ್ಕೆ ನಿಂತದ್ದನ್ನು ಕಂಡಿರುವ, 1976ರ ಜೀತ ರದ್ದತಿ ಕಾಯಿದೆ ಬರುವವರೆಗೂ ಕಾದಿದ್ದ ಕೋಲಾರ, ತುಮಕೂರು ಸೀಮೆಯ ಹಿರಿಯರಿಗೆ ಈ ಭಯವನ್ನು ವಿವರಿಸಿ ಹೇಳಬೇಕಾಗಿಲ್ಲ.

ಅಲ್ಲಿನ ಕಥೆಗಳ ಒಂದು ವಿವರ ನನ್ನ ಮನಸ್ಸನ್ನು ಬಿಡುವುದೇ ಇಲ್ಲ. ಜೋಂಬಿಗೆ ಉಪ್ಪು ತಿನ್ನಿಸಬಾರದು. ಉಪ್ಪಿನ ರುಚಿ ನಾಲಿಗೆಗೆ ತಾಗಿದ ಕ್ಷಣವೇ ತಾನು ಸತ್ತಿದ್ದೇನೆ ಎಂಬ ಅರಿವು ಮರಳಿ, ಅದು ನೇರ ತನ್ನ ಸಮಾಧಿಯ ಕಡೆ ನಡೆದುಬಿಡುತ್ತದೆ. ನಮ್ಮಲ್ಲಿ ಉಂಡ ಉಪ್ಪು ಆಳನ್ನು ಧಣಿಗೆ ಕಟ್ಟಿಹಾಕುತ್ತದೆ. ಅಲ್ಲಿ ಅದೇ ಉಪ್ಪು ಕಟ್ಟು ಬಿಚ್ಚುತ್ತದೆ.

ಗುಲಾಮರು 1791ರಲ್ಲಿ ದಂಗೆಯೆದ್ದರು. 1804ರಲ್ಲಿ ಹೈಟಿ ಸ್ವತಂತ್ರವಾಯಿತು. 1915ರಿಂದ 1934ರವರೆಗೆ ಅಮೆರಿಕದ ಸೇನೆ ಅಲ್ಲಿ ಬೀಡುಬಿಟ್ಟಿದ್ದಾಗ ಈ ಕಥೆ ಸಮುದ್ರ ದಾಟಿ ಹಾಲಿವುಡ್ ಸೇರಿತು. 1932ರಲ್ಲಿ ಮೊದಲ ಜೋಂಬಿ ಚಿತ್ರ ಬಂತು; 1968ರಲ್ಲಿ ಜಾರ್ಜ್ ರೊಮೆರೊ ನಿರ್ದೇಶಿಸಿದ ಚಿತ್ರದ ನಂತರ ನರಮಾಂಸ ತಿನ್ನುವ ಹಿಂಡೇ ಜೋಂಬಿಯ ರೂಪವಾಯಿತು. ಧಣಿ ಕಥೆಯಿಂದ ಮಾಯವಾದ, ಆಳು ರಾಕ್ಷಸನಾದ. ಇದು ಬರೀ ಬದಲಾವಣೆಯಲ್ಲ, ಅನ್ಯಾಯ ಎಂದೇ ನನ್ನ ಎಣಿಕೆ.

ವಿಜ್ಞಾನವೂ ಹೈಟಿಯ ಬಾಗಿಲು ತಟ್ಟಿದೆ. 1962ರಲ್ಲಿ ಆಸ್ಪತ್ರೆಯಲ್ಲಿ ಸತ್ತನೆಂದು ದಾಖಲಾಗಿದ್ದ ಕ್ಲೇರ್‌ವಿಯಸ್ ನಾರ್ಸಿಸ್ ತಾನೇ ಎಂದು ಹೇಳಿಕೊಂಡು 1980ರಲ್ಲಿ ಒಬ್ಬ ಮನುಷ್ಯ ಅವನ ಊರಿಗೆ ಬಂದ. ಬೊಕೊರ್‌ಗಳ ಪುಡಿಯಲ್ಲಿರುವ ಟೆಟ್ರೊಡೊಟಾಕ್ಸಿನ್ ಎಂಬ ಮೀನಿನ ವಿಷ ನರಗಳನ್ನು ಸ್ತಬ್ಧಗೊಳಿಸಿ ಸಾವಿನಂಥ ಸ್ಥಿತಿ ತರುತ್ತದೆ, ಆಮೇಲೆ ದತ್ತೂರಿಯಿಂದ ಬುದ್ಧಿಯನ್ನು ಮಂಕಾಗಿಸುತ್ತಾರೆ ಎಂದು ಸಸ್ಯಗಳ ಜನಪದ ಬಳಕೆಯನ್ನು ಅಧ್ಯಯನ ಮಾಡುವ ವಿಜ್ಞಾನಿ ವೇಡ್ ಡೇವಿಸ್ ವಾದಿಸಿದರು. ದತ್ತೂರಿ ಎಂದರೆ ನಮ್ಮ ಹೊಲದ ಬದುಗಳಲ್ಲೂ ಬೆಳೆಯುವ ಉಮ್ಮತ್ತಿಯ ಕುಲ. ಪುಡಿಯನ್ನು ಪರೀಕ್ಷಿಸಿದ ಬೇರೆ ವಿಜ್ಞಾನಿಗಳಿಗೆ ಅದರಲ್ಲಿ ಆ ವಿಷ ಸಿಕ್ಕಿದ್ದು ತೀರಾ ಅತ್ಯಲ್ಪ. 1997ರಲ್ಲಿ ಲಿಟ್ಲ್‌ವುಡ್ ಮತ್ತು ಡುಯೋನ್ ಎಂಬ ವೈದ್ಯರು ಜೋಂಬಿಗಳೆಂದು ಗುರುತಿಸಲ್ಪಟ್ಟ ಮೂವರನ್ನು ಪರೀಕ್ಷಿಸಿದಾಗ ಕಂಡದ್ದು ಮಾನಸಿಕ ಕಾಯಿಲೆ, ಮೆದುಳಿನ ಹಾನಿ ಮತ್ತು ತಪ್ಪು ಗುರುತು. ಸತ್ತ ಮಗ ಮರಳಿದನೆಂದು ಒಳಗೆ ಕರೆದುಕೊಂಡ ಮನೆಗಳಲ್ಲಿ ಇದ್ದದ್ದು ಯಾರದೋ ದಿಕ್ಕುತಪ್ಪಿದ ಮಗು.

ಮನುಷ್ಯರಲ್ಲಿ ಸಿಗದ ಪುರಾವೆ ಹುಳುಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಹಾಲುತೊಂಡೆಯ ವೈರಸ್ ಬ್ಯಾಕುಲೊವೈರಸ್ ಕುಟುಂಬದ್ದು, ಎನ್‌ಪಿವಿ (ನ್ಯೂಕ್ಲಿಯರ್ ಪಾಲಿಹೆಡ್ರೋಸಿಸ್ ವೈರಸ್) ಗುಂಪಿಗೆ ಸೇರಿದ್ದು. ಪ್ರೋಟೀನ್ ಹರಳುಗಳೊಳಗೆ ಭದ್ರವಾಗಿ ಕುಳಿತು ಅದು ವರ್ಷಗಟ್ಟಲೆ ಕಾಯಬಲ್ಲದು. ಸೊಪ್ಪಿನೊಡನೆ ಹೊಟ್ಟೆಗೆ ಹೋದಾಗ ಹುಳುವಿನ ಕರುಳಿನ ತೀವ್ರ ಕ್ಷಾರ ಆ ಹರಳನ್ನು ಕರಗಿಸುತ್ತದೆ. ಅಲ್ಲಿಂದ ಹುಳು ಹುಳುವಿನದಲ್ಲ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವೈರಸ್ಸಿನಿಂದ ಪಿಟಿಪಿ ಎಂಬ ಒಂದೇ ಒಂದು ಜೀನನ್ನು ತೆಗೆದುಹಾಕಿದಾಗ ಅಲೆದಾಟ ಇಲ್ಲವಾಯಿತು. ಇನ್ನೂ ಸೋಜಿಗವೆಂದರೆ ಆ ಜೀನ್ ವೈರಸ್ಸಿನ ಸ್ವಂತದ್ದಲ್ಲ, ಎಂದೋ ಹುಳುಗಳ ಪೂರ್ವಜರಿಂದಲೇ ಕದ್ದದ್ದು. 2011ರಲ್ಲಿ ಇನ್ನೊಂದು ಜಾತಿಯ ಪತಂಗದ ಕಂಬಳಿಹುಳುಗಳಲ್ಲಿ ಇಜಿಟಿ ಎಂಬ ಬೇರೊಂದು ಜೀನ್ ಇಂಥದೇ ಕೆಲಸ ಮಾಡುವುದು ತಿಳಿಯಿತು: ಪೊರೆ ಕಳಚಿಸುವ ಹಾರ್ಮೋನನ್ನು ಅದು ನಿಷ್ಕ್ರಿಯಗೊಳಿಸುತ್ತದೆ, ಹುಳು ಮರದ ತುದಿಗೆ ಏರಿ ಅಲ್ಲೇ ಸಾಯುತ್ತದೆ.

ತುದಿಯೇ ಏಕೆ ಎಂಬುದಕ್ಕೆ ಉತ್ತರ ಸಾವಿನಲ್ಲಿದೆ. ಸತ್ತ ಹುಳು ಬೇತಾಳನಂತೆ ತಲೆಕೆಳಗಾಗಿ ಜೋತುಬೀಳುತ್ತದೆ. ವೈರಸ್ಸಿನ ಕಿಣ್ವಗಳು ಅದರ ಒಳಾಂಗಗಳನ್ನೂ ಚರ್ಮವನ್ನೂ ಕರಗಿಸುತ್ತವೆ, ಕೋಟ್ಯಂತರ ಹರಳುಗಳು ಕೆಳಗಿನ ಎಲೆಗಳ ಮೇಲೆ ಸೋರುತ್ತವೆ. ಹುಳು ಎತ್ತರಕ್ಕೇರಿದಷ್ಟೂ ಬಿತ್ತನೆಯ ಹರವು ಹೆಚ್ಚು. ಹುಳುಮನೆಯಲ್ಲಿ ಮರವಿಲ್ಲ, ತಟ್ಟೆಯ ಅಂಚಿದೆ. ಅಲ್ಲಿ ಒಡೆದ ಒಂದು ಹುಳುವಿನ ಹಾಲು ಇಡೀ ಬೆಳೆಯನ್ನು ಕೆಡಿಸಬಲ್ಲದು. ಬೆಳೆ ಮುಗಿದೊಡನೆ ಬ್ಲೀಚಿಂಗ್ ಪುಡಿ, ಸುಣ್ಣ ಹಾಕಿ ಮನೆಯನ್ನೆಲ್ಲ ತೊಳೆಯುವುದು ಈ ಹರಳುಗಳಿಗಾಗಿಯೂ ಹೌದು.

ಕೋಲಾರದ ಟೊಮೆಟೊ ಹೊಲದಲ್ಲಿ ಇದೇ ಕುಟುಂಬದ ವೈರಸ್ ರೈತನ ಕಡೆಗಿದೆ. ಕಾಯಿಕೊರಕ ಹುಳುವಿಗೆ ಸಿಂಪಡಿಸುವ ಎನ್‌ಪಿವಿ ದ್ರಾವಣವೆಂದರೆ ಹೀಗೆ ಜೋತುಬಿದ್ದು ಸತ್ತ ಕೊರಕಗಳನ್ನು ಅರೆದು ಸೋಸಿ ತೆಗೆದ ಹರಳುಗಳೇ. ಇಂಥ ವೈರಸ್‌ಗಳು ಮನುಷ್ಯರಿಗೂ ದನಕರುಗಳಿಗೂ ತಗಲುವುದಿಲ್ಲ, ಹೆಚ್ಚಿನವು ಒಂದೆರಡು ಜಾತಿಯ ಹುಳುಗಳಿಗಷ್ಟೇ ಸೀಮಿತ. ಬಿಸಿಲಿನ ನೇರಳಾತೀತ ಕಿರಣಗಳು ಅವನ್ನು ಕೊಲ್ಲುವುದರಿಂದ ಸಂಜೆ ಹೊತ್ತು ಸಿಂಪಡಿಸಬೇಕು. ಹುಳು ಆಸೆಯಿಂದ ತಿನ್ನಲೆಂದು ದ್ರಾವಣಕ್ಕೆ ಒಂದಿಷ್ಟು ಬೆಲ್ಲ ಬೆರೆಸುತ್ತಾರೆ.