ಮನೆಗೆ ಬೀಗ ಹಾಕಿ ಹೊರಟಾಗ ಅಕ್ವಾಪೋನಿಕ್ಸ್ ಮೀನಿಗೆ ಊಟ ಎಷ್ಟು?

ಅಕ್ವಾಪೋನಿಕ್ಸ್ ಅಂದರೆ ಮೀನಿನ ತೊಟ್ಟಿಯ ನೀರನ್ನೇ ಜಲ್ಲಿ ಹಾಸಿಗೆಗೆ ಹರಿಸಿ ಗಿಡ ಬೆಳೆಸುವ ಪದ್ಧತಿ. ತಾರಸಿಯಲ್ಲಿ ಇದನ್ನು ಮಾಡಿಕೊಂಡು, ಹಬ್ಬಕ್ಕೋ ಮದುವೆಗೋ ಒಂದು ವಾರ ಊರಿಗೆ ಹೊರಡುವವರು ಆ ದಿನ ಬೆಳಿಗ್ಗೆ, ‘ಪಾಪ, ಹೊಟ್ಟೆ ತುಂಬ ತಿನ್ನಲಿ’ ಅಂತ ತೊಟ್ಟಿಗೆ ಎರಡು ಹಿಡಿ ಜಾಸ್ತಿ ಸುರಿಯುತ್ತಾರೆ. ತಾರಸಿಯ ಮೀನು ಸಾಯುವುದಕ್ಕೆ ಇದೂ ಒಂದು ಕಾರಣ. ಮೈ ಬೆಚ್ಚಗಿಟ್ಟುಕೊಳ್ಳಲು ಮೀನು ಶಕ್ತಿ ಖರ್ಚು ಮಾಡುವುದಿಲ್ಲ. ನಮ್ಮ ಕಡೆ ಜಿಲೇಬಿ ಎನ್ನುವ ತಿಲಾಪಿಯಾ ಕಾಲು ಕಿಲೋ ತೂಗುವಷ್ಟು ಬೆಳೆದಿದ್ದರೆ, ಒಂದು ವಾರ ಏನೂ ತಿನ್ನದೆ ಆರೋಗ್ಯವಾಗಿಯೇ ಇರುತ್ತದೆ. ಆ ವಾರದ ಬೆಳವಣಿಗೆ ಮಾತ್ರ ನಿಲ್ಲುತ್ತದೆ.

ಲೆಕ್ಕ ಹಾಕಿ ನೋಡಿ. 1,000 ಲೀಟರ್ ತೊಟ್ಟಿಯಲ್ಲಿ 250 ಗ್ರಾಂ ತೂಕದ 30 ಮೀನುಗಳಿದ್ದರೆ ಒಟ್ಟು ಏಳೂವರೆ ಕಿಲೋ. ಮೈತೂಕದ ಶೇ. 1.5ರಂತೆ ದಿನಕ್ಕೆ ಸುಮಾರು 110 ಗ್ರಾಂ ಊಟ. ಶೇ. 30 ಪ್ರೋಟೀನ್ ಇರುವ ಗುಳಿಗೆಯಾದರೆ ಅಷ್ಟರಿಂದ ಹೆಚ್ಚುಕಡಿಮೆ 3 ಗ್ರಾಂ ಅಮೋನಿಯಾ ಸಾರಜನಕ ನೀರಿಗೆ ಸೇರುತ್ತದೆ. ದಿನಾ ಬರುವ ಇಷ್ಟನ್ನು ಜಲ್ಲಿ ಹಾಸಿಗೆಯ ಬ್ಯಾಕ್ಟೀರಿಯಾ ನಿಭಾಯಿಸುತ್ತವೆ. ಐದು ದಿನದ್ದನ್ನು ಒಂದೇ ಸಲ ಸುರಿದರೆ ಲೀಟರಿಗೆ 15 ಮಿಲಿಗ್ರಾಂವರೆಗೆ ಏರಬಹುದು. ತಿನ್ನದೆ ಕೊಳೆತದ್ದರಿಂದ ಇನ್ನೂ ಹೆಚ್ಚು. ಗಡಸು ಬೋರ್‌ವೆಲ್ ನೀರಾಗಿ ಪಿಎಚ್ 8ರ ಹತ್ತಿರ ಇದ್ದರೆ, ಅದೇ ಅಮೋನಿಯಾದಲ್ಲಿ ವಿಷಕಾರಿ ಭಾಗ ಪಿಎಚ್ 7ರಲ್ಲಿರುವುದರ ಸುಮಾರು ಹತ್ತು ಪಟ್ಟು.

ಹಾಗಾಗಿ ಹೊರಡುವ ಹಿಂದಿನ ದಿನವೇ ಊಟ ನಿಲ್ಲಿಸಿ. ಮೂರು ದಿನದ ಪ್ರಯಾಣಕ್ಕೆ ಯಾವ ಏರ್ಪಾಡೂ ಬೇಡ. ಬೆಳೆದ ಮೀನಾದರೆ ಏಳು ದಿನದವರೆಗೂ ಬೇಡ. ಮನಸ್ಸು ಒಪ್ಪದಿದ್ದರೆ ಪೈಪಿನ ಬಳೆಯೊಂದರೊಳಗೆ ಎರಡು ಹಿಡಿ ಅಜೋಲ ಎಂಬ ನೀರಿನ ಗಿಡ ತೇಲಿಬಿಡಿ, ಬೇಕಾದಾಗ ಮೇಯುತ್ತವೆ. ಹತ್ತು ಗ್ರಾಂ ತುಂಬದ ಮರಿಗಳ ಮಾತು ಬೇರೆ. ಅವಕ್ಕೆ ದಿನಾ ತಿನ್ನಲು ಬೇಕು, ಹಸಿದರೆ ಒಂದನ್ನೊಂದು ಕಚ್ಚುತ್ತವೆ. ಮರಿ ಬಿಟ್ಟ ತಿಂಗಳಲ್ಲಿ ದೂರದ ಪ್ರಯಾಣ ಇಟ್ಟುಕೊಳ್ಳದಿರುವುದೇ ಮೇಲು.

ಇನ್ನು ಹೊತ್ತಿಗೆ ಸರಿಯಾಗಿ ತಾನೇ ಊಟ ಸುರಿಯುವ ಆಟೋ ಫೀಡರ್. ಅಕ್ವೇರಿಯಂ ಅಂಗಡಿಯ ಪುಟ್ಟ ಡ್ರಮ್ 200 ಮಿಲಿಲೀಟರ್ ಹಿಡಿಸಿದರೆ ತೇಲುವ ಗುಳಿಗೆ ಅದರಲ್ಲಿ 80ರಿಂದ 100 ಗ್ರಾಂ ಕೂರುತ್ತದೆ. ಮೇಲಿನ ತೊಟ್ಟಿಗೆ ಕಾಲು ಪಾಲು ಊಟ ಅಂದರೂ ದಿನಕ್ಕೆ 28 ಗ್ರಾಂ, ಮೂರು ದಿನಕ್ಕೆ ಖಾಲಿ. ವಾರಕ್ಕೆ ಬೇಕೆಂದರೆ ದೊಡ್ಡ ಡಬ್ಬಿಯದನ್ನೇ ತರಬೇಕು. ಕಿಂಡಿ ಅರ್ಧ ತೆರೆದು ಹತ್ತು ಸುತ್ತು ತಿರುಗಿಸಿ, ಬಿದ್ದದ್ದನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಹತ್ತರಿಂದ ಭಾಗಿಸಿ. ಡಬ್ಬಿ ತುಂಬಿದ್ದಾಗ ಒಮ್ಮೆ, ಕಾಲು ಭಾಗ ಉಳಿದಾಗ ಇನ್ನೊಮ್ಮೆ ತೂಗಿ. ಎರಡೂ ಒಂದೇ ಬರುವುದು ಅಪರೂಪ, ಹೆಚ್ಚಿನ ತೂಕವನ್ನೇ ಲೆಕ್ಕಕ್ಕೆ ಹಿಡಿಯಿರಿ.

ಫೀಡರ್ ಕೆಡುವುದು ಹೆಚ್ಚಾಗಿ ತೇವದಿಂದ. ನೀರಿಗೆ ಗಾಳಿ ಬಿಡುವ ಏರ್ ಸ್ಟೋನಿನ ಗುಳ್ಳೆ ಒಡೆಯುವ ಜಾಗದ ಮೇಲೆ ಕೂರಿಸಿದರೆ ಸಿಡಿದ ಹನಿ ಕಿಂಡಿಗೆ ತಾಗಿ, ಗುಳಿಗೆ ಊದಿಕೊಂಡು ಅಂಟುತ್ತದೆ, ಎರಡನೇ ದಿನಕ್ಕೆ ಕಿಂಡಿ ಗಾರೆ ಮೆತ್ತಿದಂತೆ ಮುಚ್ಚಿಹೋಗುತ್ತದೆ. ನೀರಿಗಿಂತ ಒಂದಡಿ ಮೇಲೆ, ಗುಳ್ಳೆಯಿಂದ ದೂರ, ಮಳೆ ಬೀಳದ ಕಡೆ ಇಡಿ. ಗೋಡೆಯ ಪ್ಲಗ್ಗಿಗೆ ಹಾಕುವ ಮುಳ್ಳಿನ ಟೈಮರ್ ಕರೆಂಟ್ ಹೋದಷ್ಟು ಹೊತ್ತು ನಿಂತು ಆಮೇಲೆ ಅಷ್ಟೇ ಹೊತ್ತು ತಡವಾಗಿ ಓಡುತ್ತದೆ, ಬೆಳಗಿನ ಊಟ ಮಧ್ಯರಾತ್ರಿಗೆ ಬೀಳಬಹುದು. ಬ್ಯಾಟರಿಯದೇ ವಾಸಿ. ನೀವು ಮನೆಯಲ್ಲಿರುವಾಗಲೇ ಒಂದು ವಾರ ಓಡಿಸಿ ನೋಡಿ.

ಪಕ್ಕದ ಮನೆಯವರಿಗೆ ಒಪ್ಪಿಸುವುದಾದರೆ ದಿನಕ್ಕೊಂದರಂತೆ ತೂಗಿದ ಪೊಟ್ಟಣ ಕಟ್ಟಿ, ತಾರೀಖು ಬರೆದು ಕೊಡಿ. ಉಳಿದ ಚೀಲ ಕಣ್ಣಿಗೆ ಬೀಳದಂತೆ ಒಳಗಿಡಿ. ಮೀನು ಮನುಷ್ಯರ ನೆರಳು ಕಂಡರೆ ಬಾಯ್ಬಿಟ್ಟು ಮೇಲೆ ಬರುತ್ತದೆ; ನೋಡಿದವರಿಗೆ ಇನ್ನೊಂದು ಹಿಡಿ ಹಾಕಬೇಕೆನಿಸುವುದು ಸಹಜ. ಹತ್ತು ನಿಮಿಷದ ಮೇಲೂ ಗುಳಿಗೆ ತೇಲುತ್ತಿದ್ದರೆ ಬಲೆಯಿಂದ ತೆಗೆಯಬೇಕು, ಮರುದಿನ ಊಟ ಹಾಕಬಾರದು, ಕರೆಂಟ್ ಇಲ್ಲದ ಹೊತ್ತಲ್ಲಿ ಹಾಕಲೇಬಾರದು ಎಂದು ಹೇಳಿಡಿ. ಊಟವಾದ ಮೇಲೆ ಕೆಲವು ಗಂಟೆ ಮೀನಿಗೆ ಆಮ್ಲಜನಕ ಹೆಚ್ಚು ಬೇಕು.

ಊಟಕ್ಕಿಂತ ಗಾಳಿ ಮುಖ್ಯ. ಹಸಿವನ್ನು ವಾರ ತಡೆಯುವ ಮೀನು, ದಟ್ಟವಾಗಿ ತುಂಬಿದ ತೊಟ್ಟಿಯಲ್ಲಿ ಗಾಳಿ ನಿಂತರೆ ಗಂಟೆಗಳಲ್ಲಿ ಸಾಯುತ್ತದೆ. ಏರ್ ಪಂಪನ್ನು ಮನೆಯ ಯುಪಿಎಸ್ ಲೈನಿಗೆ ಸೇರಿಸಿ. ನೀರಿನ ಪಂಪ್ ಮೀನಿನ ತೊಟ್ಟಿಯೊಳಗೇ ಇದ್ದರೆ ಇಟ್ಟಿಗೆ ಜೋಡಿಸಿ ಅರ್ಧ ಎತ್ತರಕ್ಕೆ ಏರಿಸಿ. ಹಾಸಿಗೆಯ ಪೈಪು ಬಿಚ್ಚಿಕೊಂಡರೂ ಅರ್ಧ ತೊಟ್ಟಿ ನೀರು ಉಳಿಯುತ್ತದೆ. ಬಿಸಿಲಿಗೂ ಗಿಡಕ್ಕೂ ದಿನಕ್ಕೆ 10ರಿಂದ 30 ಲೀಟರ್ ಹೋಗಬಹುದು. ಮಟ್ಟ ಇಳಿದಾಗ ತಾನೇ ನೀರು ಬಿಡುವ ಬಾಲ್‌ಕಾಕ್ ಹಾಕುವುದಾದರೆ ನೇರ ನಲ್ಲಿಗೆ ಕೊಡಬೇಡಿ. ಅದು ಸಿಕ್ಕಿಕೊಂಡರೆ ಕ್ಲೋರಿನ್ ನೀರು ರಾತ್ರಿಯಿಡೀ ಹರಿಯುತ್ತದೆ. ಎರಡು ದಿನ ತೆರೆದಿಟ್ಟ ನೀರಿನ 200 ಲೀಟರ್ ಡ್ರಮ್ಮಿಗೆ ಕೊಡಿ.

ವಾಪಸ್ ಬಂದ ದಿನ ಅಮೋನಿಯಾ ಪರೀಕ್ಷೆ ಮಾಡಿ, ಆಮೇಲೆ ಕಾಲು ಪಾಲು ಊಟ ಹಾಕಿ. ಊಟವಿಲ್ಲದ ವಾರದಲ್ಲಿ ಬ್ಯಾಕ್ಟೀರಿಯಾ ಸಾಯುವುದಿಲ್ಲ, ನಿಧಾನವಾಗಿರುತ್ತವೆ. ನಾಲ್ಕು ದಿನದಲ್ಲಿ ಪೂರ್ತಿ ಅಳತೆಗೆ ಏರಿಸಿ. ನಡುವೆ ಅಮೋನಿಯಾ ಲೀಟರಿಗೆ 1 ಮಿಲಿಗ್ರಾಂ ಮುಟ್ಟಿದರೆ ಒಂದು ದಿನ ಊಟ ಬಿಡಿ.