ನಾನು ಯಾರು? ಸಂಸ್ಕೃತಿ, ವರ್ಗ ಮತ್ತು ಸ್ವ-ಪರಿಕಲ್ಪನೆ: ಬಿ.ಎಡ್.ನಲ್ಲಿ ಜೊತೆಗೆ ಓದುವವರಿಗೊಂದು ಟಿಪ್ಪಣಿ

ಓದುವ ಮೊದಲು ಒಂದು ಹಾಳೆ ತಗೊಳ್ಳಿ. ‘ನಾನು ಯಾರು?’ ಎಂಬ ಪ್ರಶ್ನೆಗೆ ಇಪ್ಪತ್ತು ಉತ್ತರ ಬರೆಯಿರಿ. 1954ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಕೂನ್ ಮತ್ತು ಮೆಕ್‌ಪಾರ್ಟ್‌ಲ್ಯಾಂಡ್ ರೂಪಿಸಿದ ಪರೀಕ್ಷೆ ಇದು. ಕೆಲವರು ‘ನಾನು ಹಟವಾದಿ, ನಾನು ಜಾಣೆ’ ಎಂದು ಗುಣಗಳನ್ನು ಬರೆಯುತ್ತಾರೆ. ಕೆಲವರು ‘ನಾನು ಇಂಥವರ ಮಗಳು, ಇಳಕಲ್ಲಿನವಳು, ಮನೆಗೆ ಹಿರಿಯಳು’ ಎಂದು ಬರೆಯುತ್ತಾರೆ. ನಮ್ಮ ಬಗ್ಗೆ ನಾವೇ ಕಟ್ಟಿಕೊಂಡ ಈ ಚಿತ್ರಕ್ಕೆ ಸ್ವ-ಪರಿಕಲ್ಪನೆ ಎನ್ನುತ್ತಾರೆ.

ಉತ್ತರಗಳು ಯಾಕೆ ಹೀಗೆ ಬೇರೆಬೇರೆ? 1991ರಲ್ಲಿ ಮನಶ್ಶಾಸ್ತ್ರಜ್ಞರಾದ ಹೇಝೆಲ್ ಮಾರ್ಕಸ್ ಮತ್ತು ಶಿನೋಬು ಕಿಟಯಾಮ ಎರಡು ಬಗೆಯ ‘ನಾನು’ಗಳನ್ನು ಗುರುತಿಸಿದರು. ಒಂದು ಸ್ವತಂತ್ರ ‘ನಾನು’. ಅದಕ್ಕೆ ತನ್ನ ಗುಣ, ತನ್ನ ಆಯ್ಕೆ ಮುಖ್ಯ. ಇನ್ನೊಂದು ಪರಸ್ಪರಾವಲಂಬಿ ‘ನಾನು’. ಅದಕ್ಕೆ ಸಂಬಂಧ ಮುಖ್ಯ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಜ್ಜಿ ಮೊದಲು ಕೇಳುವುದೇ ‘ಯಾ ಊರವ್ವಾ ನಿಮ್ದು? ಯಾರ ಪೈಕಿ?’ ಎಂದು. ನಿಮ್ಮ ಹವ್ಯಾಸವನ್ನು ಆಕೆ ಕೇಳುವುದಿಲ್ಲ. ಮನೆತನ, ಊರು, ನೆಂಟಸ್ತನ ತಿಳಿದರೆ ನೀವು ಯಾರು ಅಂತ ಆಕೆಗೆ ತಿಳಿದಂತೆಯೇ.

ಆದರೆ ‘ಭಾರತೀಯರೆಲ್ಲ ಪರಸ್ಪರಾವಲಂಬಿಗಳು’ ಎಂದು ಬರೆದು ಮುಗಿಸಬೇಡಿ. ಒಂದೇ ದೇಶದೊಳಗೂ ವ್ಯತ್ಯಾಸ ಇರುತ್ತದೆ. 1997ರಲ್ಲಿ ಮಾ ಮತ್ತು ಶೋನೆಮನ್ ಎಂಬ ಸಂಶೋಧಕರು ಕೀನ್ಯಾದಲ್ಲಿ ಇದೇ ಪ್ರಶ್ನೆ ಕೇಳಿದರು. ಮಸಾಯಿ ಮತ್ತು ಸಂಬುರು ಸಮುದಾಯದವರ ಉತ್ತರಗಳಲ್ಲಿ ಬಹುಪಾಲು ಸಾಮಾಜಿಕ ಪಾತ್ರಗಳೇ ಇದ್ದವು. ನೈರೋಬಿಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಉತ್ತರಗಳು ಮಾತ್ರ ಅಮೆರಿಕದ ವಿದ್ಯಾರ್ಥಿಗಳ ಉತ್ತರಗಳಿಗೆ ಹತ್ತಿರ ಇದ್ದವು. ಅಂದರೆ ಓದು, ಪೇಟೆಯ ಬದುಕು, ಮಾಡುವ ಕೆಲಸ ಇವೂ ಲೆಕ್ಕಕ್ಕೆ ಬರುತ್ತವೆ. ವರ್ಗದ ಮಾತು ಶುರುವಾಗುವುದು ಇಲ್ಲೇ.

ಇಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಮೆಲ್ವಿನ್ ಕೋನ್ ಬಹಳ ಮುಖ್ಯ. ಈ ಪಾಠದಲ್ಲಿ ಒಬ್ಬರನ್ನೇ ಓದಲು ಹೊತ್ತಿದ್ದರೆ ಇವರನ್ನೇ ಓದಿ. 1969ರಲ್ಲಿ ಅವರು ಹೇಳಿದ್ದು ಇಷ್ಟು: ದುಡಿಯುವ ವರ್ಗದ ತಂದೆತಾಯಿ ಮಕ್ಕಳಲ್ಲಿ ವಿಧೇಯತೆಗೆ ಜಾಸ್ತಿ ಬೆಲೆ ಕೊಡುತ್ತಾರೆ, ಮಧ್ಯಮ ವರ್ಗದವರು ಸ್ವಂತ ತೀರ್ಮಾನಕ್ಕೆ. ಇದಕ್ಕೆ ಕಾರಣವನ್ನು ಅವರು ಹುಡುಕಿದ್ದು ದಿನದ ಕೆಲಸದಲ್ಲಿ. ಮೇಲೆ ನಿಂತು ನೋಡುವವರು ಇದ್ದಾರಾ? ಕೆಲಸಕ್ಕೆ ತಲೆ ಓಡಿಸಬೇಕಾ? ದಿನಾ ಒಂದೇ ತರದ ಕೆಲಸವಾ? ಈ ಮೂರು ಸಂಗತಿ ದುಡಿಯುವವರ ಮೌಲ್ಯಗಳನ್ನು ರೂಪಿಸುತ್ತವೆ. ಅವೇ ಮೌಲ್ಯಗಳು ಮಕ್ಕಳಿಗೂ ದಾಟುತ್ತವೆ.

ಇಳಕಲ್ ಸೀರೆ ನೇಯುವ ಮನೆಗೆ ಇದನ್ನು ಹಚ್ಚಿ ನೋಡಿ. ಒಡಲಿನ ಹಾಸು (ಮಗ್ಗಕ್ಕೆ ಉದ್ದಕ್ಕೆ ಹೂಡುವ ನೂಲು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಹೀಗೆ ಸೆರಗು ಕೂಡಿಸುವುದಾದರೆ ಪ್ರತಿ ಸೀರೆಗೂ ಹಾಸನ್ನು ಹೊಸದಾಗಿ ತಯಾರು ಮಾಡಬೇಕು. ಇದು ಸಣ್ಣ ಕೆಲಸವಲ್ಲ. ಮಗ್ಗ ಮನೆಯಲ್ಲೇ ಇದ್ದರೆ ಮೇಲೆ ನಿಂತು ನೋಡುವವರೂ ಇಲ್ಲ. ಆದರೆ ಕೂಲಿಗೆ ನೇಯುವವರಿಗೆ ನೂಲು ಮಾಲಕರದ್ದು, ಬಣ್ಣ ಮಾಲಕರು ಹೇಳಿದ್ದು, ದರವೂ ಅವರದ್ದೇ. ಕೈಯಲ್ಲಿ ಅಷ್ಟು ಕಸಬು ಇದ್ದರೂ ತೀರ್ಮಾನ ಬೇರೆಯವರದ್ದು. ಸೀರೆ ಕೆಟ್ಟರೆ ಕೂಲಿ ಹೋಗುತ್ತದೆ. ಆ ಮನೆಯಲ್ಲಿ ಅಪ್ಪ ಮಗನಿಗೆ ‘ಹೇಳಿದಂಗ ಮಾಡಪಾ, ಎದುರು ಮಾತಾಡಬ್ಯಾಡ’ ಅಂದರೆ ಅದನ್ನು ಹಿಂದುಳಿದ ಯೋಚನೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ತಪ್ಪಿಗೆ ಎಷ್ಟು ಬೆಲೆ ತೆರಬೇಕು ಅಂತ ಆತ ಕಂಡಿದ್ದಾನೆ. ನೌಕರದಾರರ ಮನೆಯಲ್ಲಿ ‘ನಿನಗೇನು ಅನಸ್ತದ?’ ಎಂದು ಮಗುವನ್ನು ಕೇಳುತ್ತಾರೆ. ತಪ್ಪಾದರೂ ಆ ಮನೆ ತಡೆದುಕೊಳ್ಳುತ್ತದೆ, ಅಲ್ವಾ?

ಈ ಎರಡೂ ಮಕ್ಕಳು ಒಂದೇ ತರಗತಿಗೆ ಬರುತ್ತಾರೆ. ಕೇಳದೆಯೂ ಮಾತಾಡುವ ಮಗು ‘ಚುರುಕು’ ಅನ್ನಿಸಿಕೊಳ್ಳುತ್ತದೆ. ಕೇಳಿದರಷ್ಟೇ ಮಾತಾಡುವ ಮಗು ‘ಮಂದ’. ಬೇರೆಯವರ ಕಣ್ಣಿನಲ್ಲಿ ಕಂಡ ಚಿತ್ರದಿಂದಲೇ ನಮ್ಮ ‘ನಾನು’ ಬೆಳೆಯುತ್ತದೆ ಎಂದು ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಕೂಲಿ 1902ರಲ್ಲೇ ಹೇಳಿದ್ದರು. ಮನೆಯಲ್ಲಿ ಕಲಿತ ಮರ್ಯಾದೆಗೆ ಶಾಲೆಯಲ್ಲಿ ಮಂದ ಎಂಬ ಹೆಸರು ಬಿದ್ದರೆ ಆ ಮಗು ತನ್ನನ್ನು ಹಾಗೇ ಕಾಣಲು ಶುರು ಮಾಡುತ್ತದೆ. ಬಿ.ಎಡ್. ಮಾಡುತ್ತಿರುವ ನಮಗೆ ಇದು ಅಂಕಕ್ಕಷ್ಟೇ ಬೇಕಾದ ಮಾತಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞೆ ನಿಕೋಲ್ ಸ್ಟೀಫನ್ಸ್ ಮತ್ತು ಸಂಗಡಿಗರ ಎರಡು ಅಧ್ಯಯನ ನೆನಪಿರಲಿ. 2007ರದ್ದು ಪೆನ್ನಿನ ಪ್ರಯೋಗ. ಮಧ್ಯಮ ವರ್ಗದವರು ಉಳಿದವುಗಳಿಗಿಂತ ಬೇರೆಯಾಗಿ ಕಾಣುವ ಪೆನ್ನನ್ನು ಹೆಚ್ಚಾಗಿ ಆರಿಸಿದರು. ದುಡಿಯುವ ವರ್ಗದವರು ಉಳಿದವುಗಳಂತೆಯೇ ಇದ್ದದ್ದನ್ನು ಆರಿಸಿದರು. ಮದುವೆಗೆ ಅಕ್ಕತಂಗಿಯರೆಲ್ಲ ಒಂದೇ ನಮೂನೆ ಸೀರೆ ಉಟ್ಟು ಖುಷಿಪಡುತ್ತಾರಲ್ಲ, ಅಲ್ಲಿ ಯಾರಿಗೂ ಆಯ್ಕೆ ಮಾಡಲು ಬರುವುದಿಲ್ಲ ಅಂತಲ್ಲ. ಒಂದೇ ತರ ಕಾಣುವುದೇ ಅವರ ಆಯ್ಕೆ. 2012ರದ್ದು ಇನ್ನೂ ಮುಖ್ಯ. ಅಮೆರಿಕದ ವಿಶ್ವವಿದ್ಯಾಲಯಕ್ಕೆ ಬಂದ, ಮನೆಯಲ್ಲೇ ಮೊದಲ ಬಾರಿ ಕಾಲೇಜು ಹತ್ತಿದ ವಿದ್ಯಾರ್ಥಿಗಳಿಗೂ ಕಾಲೇಜು ಓದಿದವರ ಮಕ್ಕಳಿಗೂ ಸ್ವಾಗತ ಪತ್ರ ಓದಿಸಿದರು. ‘ನಿನ್ನ ದಾರಿ ನೀನೇ ಹುಡುಕು’ ಎಂಬ ಧಾಟಿಯ ಪತ್ರ ಓದಿದಾಗ ಮೊದಲ ತಲೆಮಾರಿನವರು ಆಮೇಲೆ ಕೊಟ್ಟ ಪರೀಕ್ಷೆಯಲ್ಲಿ ಕಾಲೇಜು ಓದಿದವರ ಮಕ್ಕಳಿಗಿಂತ ಹಿಂದೆ ಬಿದ್ದರು. ಕೂಡಿ ಕಲಿಯುವ ಮಾತಿದ್ದ ಪತ್ರ ಓದಿದಾಗ ಆ ಅಂತರವೇ ಕಾಣಲಿಲ್ಲ.

ಇವು ಅಮೆರಿಕದ ವರ್ಗದ ಮೇಲೆ ನಿಂತ ಸಿದ್ಧಾಂತಗಳು. ನಮ್ಮಲ್ಲಿ ಜಾತಿ ಬಿಟ್ಟು ವರ್ಗ ಮಾತಾಡಿದರೆ ಉತ್ತರ ಅರ್ಧವೇ. ಜಾತಿ ಎಂದರೆ ಬರೀ ದುಡಿಮೆಯ ವಿಭಜನೆಯಲ್ಲ, ದುಡಿಯುವವರನ್ನೇ ವಿಭಜಿಸುವುದು ಎಂದು ಅಂಬೇಡ್ಕರ್ 1936ರಲ್ಲಿ ತೋರಿಸಿದರು. ಯಾರು ಯಾವ ಕೆಲಸ ಮಾಡಬೇಕು ಎಂಬುದರ ಜೊತೆಗೆ ಯಾರು ತಮ್ಮನ್ನು ಎಷ್ಟು ಕೀಳಾಗಿ ಕಾಣಬೇಕು ಎಂಬುದನ್ನೂ ಅದು ಹುಟ್ಟಿನಿಂದಲೇ ಹೇರುತ್ತದೆ. ಅದಕ್ಕೆ ಎದುರಾಗಿ 12ನೇ ಶತಮಾನದಲ್ಲಿ ಶರಣರು ಮಾಡಿದ್ದನ್ನು ನೋಡಿ. ಬಸವನ ಬಾಗೇವಾಡಿ, ಕೂಡಲಸಂಗಮ ಎರಡೂ ನಮ್ಮ ಜಿಲ್ಲೆಗಳಲ್ಲೇ ಇವೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ: ಕೀಳು ಎಂದು ಕರೆಸಿಕೊಂಡ ಕೆಲಸಗಳೇ ಗೌರವದ ಹೆಸರುಗಳಾದವು. ‘ನಾನು ಯಾರು’ ಎಂಬುದಕ್ಕೆ ಸಮಾಜ ಕೊಟ್ಟ ಉತ್ತರವನ್ನು ಒಂದು ಚಳವಳಿ ಬದಲಿಸಬಲ್ಲದು ಎನ್ನಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ‘ಬಡವರಲ್ಲಿ ಆತ್ಮವಿಶ್ವಾಸ ಕಡಿಮೆ’ ಎಂದು ಸುಮ್ನೆ ಬರೆಯಬೇಡಿ. ಯಾವ ಕೆಲಸ, ತೀರ್ಮಾನ ಯಾರದ್ದು, ಅದರಿಂದ ಯಾವ ಮೌಲ್ಯ ಹುಟ್ಟಿತು ಎಂಬ ಕ್ರಮದಲ್ಲಿ ಬರೆಯಿರಿ. ಐದು ಅಂಕಕ್ಕೆ ಕೋನ್ ಸಾಕು. ಹತ್ತು ಅಂಕಕ್ಕೆ ಮಾರ್ಕಸ್, ಸ್ಟೀಫನ್ಸ್ ಸೇರಿಸಿ, ಜಾತಿಯ ಭಾಗ ಬಿಡಬೇಡಿ. ಉದಾಹರಣೆಯನ್ನು ನಿಮ್ಮ ಮನೆಯಿಂದಲೇ ಕೊಡಿ.